ನೀವೇ ಕೈ ಆಡಿಸಬೇಕು

ಮೊಣಕೈಯಷ್ಟು ಮುಂಗೋಪದ ಕೀಲು ಮೈಯಲ್ಲಿ ಇನ್ನೊಂದಿಲ್ಲ. ಮಂಡಿಗೆ ಒಂದಿಷ್ಟು ಹಿಂಸೆ ಕೊಟ್ಟರೂ ತಡೆದುಕೊಳ್ಳುತ್ತದೆ, ಭುಜವೂ ಹೇಗೋ ಹೊಂದಿಕೊಂಡು ಹೋಗುತ್ತದೆ. ಪೆಟ್ಟಾದ ಮೊಣಕೈಯನ್ನು ಯಾರಾದರೂ ತಿಕ್ಕಿ, ಎಳೆದು, ಬಲವಂತ ಮಾಡಿದರೋ, ಅದು ಇರಬಾರದ ಜಾಗದಲ್ಲೆಲ್ಲ ಮೂಳೆ ಬೆಳೆಸಿಕೊಂಡು ಕದ ಹಾಕಿಕೊಂಡುಬಿಡುತ್ತದೆ. ಆಮೇಲೆ ದೇವರೇ ಬಂದು ತಟ್ಟಿದರೂ ತೆಗೆಯುವುದಿಲ್ಲ.

ನಾನೂ ಹೆಚ್ಚುಕಡಿಮೆ ಅದೇ ಪೈಕಿ. ಚಿತ್ರದುರ್ಗದಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ನನಗೆ ‘ಬೈಯೋ ಡಾಕ್ಟ್ರು’ ಎಂದು ಹೆಸರು. ಹೊಸದುರ್ಗ, ಹೊಳಲ್ಕೆರೆ ಬಸ್ಸಿಳಿದು ಬರುವವರು ಆಟೋದವನಿಗೆ ನನ್ನ ನಿಜವಾದ ಹೆಸರು ಹೇಳುವುದಿಲ್ಲ, “ಬೈತಾರಲ್ಲ, ಆ ಮೂಳೆ ಡಾಕ್ಟ್ರು” ಎನ್ನುತ್ತಾರಂತೆ. “ಬಾಯಿ ಕೆಟ್ಟದ್ದು, ಕೈಗುಣ ಒಳ್ಳೇದೈತೆ” ಎಂಬ ಮಾತೂ ಇತ್ತು. ಅದು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೇ ಬೀಗುತ್ತಿದ್ದೆ. ಆ ಮಾತಿನ ಮೊದಲರ್ಧವನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ.

ಅವನು ಯಲ್ಲದಕೆರೆಯಿಂದಾಚೆ ಒಂದು ಹಟ್ಟಿಯ ಕುರಿಗಾರ. ಮೂವತ್ತರ ಆಸುಪಾಸು, ಕಡೆದಿಟ್ಟಂಥ ಮೈ. ಸ್ವಂತ ಮಂದೆಯ ಜೊತೆಗೆ ಸುತ್ತಲಿನ ರೊಪ್ಪಗಳ ಕುರಿಗಳಿಗೆಲ್ಲ ಅವನೇ ಉಣ್ಣೆ ಕತ್ತರಿಸುವವನು. ಗೇಣು ಮೀರಿದ ಅಲಗುಗಳ ಆ ಕತ್ತರಿಯನ್ನು ನಾನೊಮ್ಮೆ ಹಿಡಿದು ನೋಡಿದ್ದೇನೆ, ಹತ್ತು ಸಲ ಅದುಮುವಷ್ಟರಲ್ಲಿ ನನ್ನ ಮುಂಗೈ ಸೋತುಹೋಗಿತ್ತು. ಅವನು ಅದರಲ್ಲಿ ದಿನಕ್ಕೆ ಮಂದೆಗಟ್ಟಲೆ ಕುರಿ ಬೋಳಿಸುತ್ತಿದ್ದ.

ಒಂದು ದಿನ ಟಗರು ಹಿಂದಿನಿಂದ ಗುದ್ದಿತು. ಬಲಗೈ ಊರಿ ಬಿದ್ದ. ಮೊಣಕೈ ಕೀಲು ತಪ್ಪಿತು. ನಾಟಿ ಕಟ್ಟಿನವನು ಎಳೆದು ಕೂರಿಸಿ ಬಿದಿರು ದಬ್ಬೆ ಕಟ್ಟಿದ. ಕೀಲೇನೋ ಕೂತಿತ್ತು, ಅದನ್ನು ಹಿಡಿದಿಡುವ ಹೊರಮಗ್ಗುಲಿನ ಪಟ್ಟಿ ಮಾತ್ರ ಕೂಡಿರಲಿಲ್ಲ. ಐದಾರು ತಿಂಗಳಾದ ಮೇಲೆ ನನ್ನ ಹತ್ತಿರ ಬಂದ.

“ನೋಡಾಕೆ ಚೆನ್ನಾಗೇ ಐತೆ ಸಾರ್,” ಎಂದ. “ಕುರಿ ಕೆಡವಿ, ಕೈ ಊರಿ ಏಳಾಕೆ ಹೋದ್ರೆ ಲಟಕ್ ಅಂತೈತೆ. ಕೈ ನಂದೇ ಅಲ್ವೇನೋ ಅನ್ನಂಗಾಗ್ತೈತೆ.”

ಕೈಯಿರುವ ಕುರ್ಚಿಯಲ್ಲಿ ಕೂರಿಸಿದೆ. “ಎರಡೂ ಕಡೆ ಹಿಡ್ಕಂಡು, ಕೈ ಮೇಲೇ ಭಾರ ಹಾಕಿ ಏಳಪ್ಪ,” ಎಂದೆ. ಅರ್ಧ ಎದ್ದವನು ಮುಖ ಹಿಂಡಿಕೊಂಡು ಮತ್ತೆ ಕೂತ. ಬಲಗೈ ಒಪ್ಪಲಿಲ್ಲ.

ಈ ಪಟ್ಟಿಗೆ ಪುಸ್ತಕದಲ್ಲಿ ಅಸ್ಥಿರಜ್ಜು ಎನ್ನುತ್ತಾರೆ. ತೋಳಿನ ಮೂಳೆಯ ಹೊರಗುಬುಟಿನಿಂದ ಹೊರಟು, ಮುಂಗೈಯ ಒಂದು ಮೂಳೆಯ ತಲೆಯನ್ನು ಹಿಂದಿನಿಂದ ಬಳಸಿ, ಇನ್ನೊಂದು ಮೂಳೆಗೆ ಅಂಟಿಕೊಳ್ಳುತ್ತದೆ. ಕಿರುಬೆರಳಿನಷ್ಟೂ ದಪ್ಪವಿಲ್ಲ. ಅದು ಹರಿದು ಹಾಗೆಯೇ ಬಿಟ್ಟರೆ ಭಾರ ಬಿದ್ದಾಗಲೆಲ್ಲ ಕೀಲು ಹಿಂದಕ್ಕೆ ಜಾರುತ್ತದೆ. ಹಳೆಯದಾದ ಮೇಲೆ ಹೊಲಿದರೆ ನಿಲ್ಲುವುದಿಲ್ಲ. ಮೈಯಲ್ಲೇ ಬೇರೆ ಕಡೆಯಿಂದ ಸ್ನಾಯುವಿನ ಬಳ್ಳಿಯೊಂದನ್ನು ತೆಗೆದು ಹೊಸ ಪಟ್ಟಿ ಕಟ್ಟಬೇಕು. ಸಾಮಾನ್ಯವಾಗಿ ಮಣಿಕಟ್ಟಿನಿಂದ ತೆಗೆಯುತ್ತೇವೆ. ಹೆಬ್ಬೆರಳು, ಕಿರುಬೆರಳು ಜೋಡಿಸಿ ಮಣಿಕಟ್ಟು ಬಾಗಿಸಿದರೆ ಆ ಬಳ್ಳಿ ಎದ್ದು ಕಾಣುತ್ತದೆ. ಇವನಿಗೆ ಎರಡೂ ಕೈಯಲ್ಲಿ ಅದು ಇರಲಿಲ್ಲ. ಕೆಲವರಿಗೆ ಹುಟ್ಟಾ ಇರುವುದಿಲ್ಲ. ಮಂಡಿಯ ಒಳಬದಿಯಿಂದ ತೆಗೆಯೋಣ ಎಂದೆ.

“ಕಾಲು ಕಿತ್ತು ಕೈಗೆ ಹಾಕ್ತಾರಂತೆ ಕಣ್ರವ್ವ!” ಎಂದು ಅವನ ತಾಯಿ ಪಕ್ಕದ ಬೆಂಚಿನವರಿಗೆಲ್ಲ ಸಾರಿಬಿಟ್ಟಳು. ಆಕೆ ಬಾಯಿ ಮಾಡಿದರೆ ನಮ್ಮ ಕಾರಿಡಾರಿನ ಆ ತುದಿಗೆ ಕೇಳಿಸುತ್ತಿತ್ತು. ಹೆಂಡತಿ ಧರ್ಮಪುರ ಕಡೆಯವಳು, ಮಾತು ಕಡಿಮೆ. ಆಸ್ಪತ್ರೆಯ ಕಾಗದಗಳಿದ್ದ ಪ್ಲಾಸ್ಟಿಕ್ ಕವರನ್ನು ಎದೆಗೊತ್ತಿಕೊಂಡು ಗಂಡನ ಹಿಂದೆ ನಿಂತಿರುತ್ತಿದ್ದಳು. ಮೂವರಿಗೂ ಓದು ಬರದು.

ಆಪರೇಷನ್ ಎರಡು ಗಂಟೆಯದು ಎಂದುಕೊಂಡಿದ್ದೆ, ನಾಲ್ಕಾಯಿತು. ಮುಂಗೈ ಮೂಳೆಯ ಹೊರಬದಿಯಲ್ಲಿ ಎರಡು ತೂತು ಕೊರೆದು, ಒಂದರಿಂದ ಬಳ್ಳಿಯನ್ನು ಒಳಬಿಟ್ಟು ಇನ್ನೊಂದರಿಂದ ತೆಗೆಯಬೇಕು. ನಡುವೆ ಉಳಿಯುವ ಮೂಳೆಯ ಸೇತುವೆ ಒಂದು ಬೆರಳಗಲವಾದರೂ ಇರಬೇಕು, ಎಳೆತವೆಲ್ಲ ಅದರ ಮೇಲೆಯೇ. ಬಳ್ಳಿ ಎಳೆದು ಬಿಗಿ ನೋಡುವಾಗ ಆ ಸೇತುವೆ ಚಟ್ಟೆಂದು ಬಿರಿಯಿತು. ಡ್ರಿಲ್ ಹಿಡಿದವನು ನಾನೇ, ಬೈಯಲು ಬೇರೆ ಯಾರೂ ಸಿಗದೆ ಲೈಟಿನವನನ್ನು ಬೈದೆ. ಆಮೇಲೆ ಸಮಾಧಾನ ಮಾಡಿಕೊಂಡು, ಎಕ್ಸ್‌ರೇ ಪರದೆ ನೋಡುತ್ತ, ಇನ್ನೂ ಕೆಳಗೆ ಗಟ್ಟಿ ಮೂಳೆಯಲ್ಲಿ ಹೊಸ ತೂತು ಕೊರೆದೆ. ತೋಳಿನ ಕಡೆ ಬಳ್ಳಿ ಸೇರುವ ಜಾಗ ಹುಡುಕಲು ದಾರವನ್ನು ಗುಬುಟಿನ ಮೇಲೆ ಹಿಡಿದು ಕೈಯನ್ನು ಬಾಗಿಸಿ ನೀಡಿ ನೋಡಬೇಕು. ದಾರ ಸಡಿಲವೂ ಆಗದೆ ಬಿಗಿಯೂ ಆಗದೆ ನಿಲ್ಲುವ ಒಂದೇ ಒಂದು ಬಿಂದು ಇರುತ್ತದೆ. ಅದು ಸಿಕ್ಕಿತು. ಅಂಗೈ ಕೆಳಮುಖ ಮಾಡಿ, ಮೊಣಕೈ ಅರೆಬಾಗಿಸಿ ಗಂಟು ಹಾಕಿದೆ. ಬೇಕೆಂದೇ ಜಾರಿಸಲು ನೋಡಿದೆ, ಕೀಲು ಜಾರಲಿಲ್ಲ.

“ಈ ಕೈ ಇನ್ನು ಟಗರನ್ನೇ ಗುದ್ದುತ್ತೆ,” ಎಂದೆ ಅರಿವಳಿಕೆ ಕೊಡುವ ಸಹೋದ್ಯೋಗಿಗೆ. ಆಕೆ ನನ್ನನ್ನು ಹತ್ತು ವರ್ಷದಿಂದ ಬಲ್ಲವರು, ನಕ್ಕರು.

ಇನ್ನು ಚೀಟಿಯ ವಿಚಾರ. ಮನೆಗೆ ಹೋಗುವ ರೋಗಿಗೆ ಇಂಗ್ಲಿಷಿನಲ್ಲಿ ಗೀಚಿ ಕೊಡುವ ವೈದ್ಯರನ್ನು ಕಂಡರೆ ನನಗಾಗದು. ಕಂಪ್ಯೂಟರಿನ ಇಂಗ್ಲಿಷ್ ಹಾಳೆ ಆಸ್ಪತ್ರೆಯ ಕಡತಕ್ಕಿರಲಿ ಎಂದು, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನಾನೇ ಕನ್ನಡದಲ್ಲಿ ಬರೆದು ಕೊಡುತ್ತಿದ್ದೆ. ಸಭೆಗಳಲ್ಲಿ ಈ ಬಗ್ಗೆ ಭಾಷಣವನ್ನೂ ಬಿಗಿದಿದ್ದೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು ಎಂದು ಮೇಷ್ಟ್ರು ಗೆಣ್ಣಿಗೆ ಹೊಡೆದಿದ್ದು ಮಾತ್ರ ಭಾಷಣದಲ್ಲಿ ಬರುತ್ತಿರಲಿಲ್ಲ.

ಕುರಿಗಾರನನ್ನು ಮನೆಗೆ ಕಳಿಸುವ ದಿನ ಹೆದ್ದಾರಿಯಲ್ಲಿ ಅಪಘಾತವಾಗಿ ನಾಲ್ಕು ಜನರನ್ನು ತಂದಿದ್ದರು. ಕಾರಿಡಾರಿನಲ್ಲಿ ನಿಂತುಕೊಂಡೇ, ಗೋಡೆಗೆ ಹಾಳೆ ಒತ್ತಿ ಬರೆದೆ. ಹೊಲಿಗೆ ಬಿಚ್ಚಿದ ಮೇಲೆ ಮಲಗಿಕೊಂಡು ಬೆಳಿಗ್ಗೆ ಸಂಜೆ ನೀವೇ ಕೈ ಆಡಿಸಬೇಕು. ಮೂರು ವಾರಕ್ಕೆ ಬಂದು ತೋರಿಸಬೇಕು. ಅಷ್ಟೇ. ಹೆಂಡತಿ ಏನೋ ಕೇಳಿದಳು. “ಎಲ್ಲಾ ಚೀಟಿಯಲ್ಲಿ ಬರೆದಿದ್ದೀನಮ್ಮ, ಓದಿಸಿಕೊಳ್ಳಿ,” ಎಂದು ಹೇಳಿ ಓಡಿದೆ.

ಹೊಲಿಗೆ ಹಿರಿಯೂರಿನಲ್ಲೇ ಬಿಚ್ಚಿಸಿದರು. ಮೂರು ವಾರಕ್ಕೆ ಅವರು ಬರಲಿಲ್ಲ. ಬಂದಿದ್ದು ಏಳನೇ ವಾರಕ್ಕೆ.

ಕೈಯನ್ನು ನೋಡಿದೊಡನೆ ನನಗೆ ತಿಳಿಯಿತು. ಮೊಣಕೈ ಊದಿ, ಮುಟ್ಟಿದರೆ ಬೆಚ್ಚಗೆ, ಅರ್ಧ ಬಾಗಿದಲ್ಲೇ ಕಂಬದಂತೆ ನಿಂತಿತ್ತು. ಚರ್ಮದಿಂದ ಹರಳೆಣ್ಣೆಯ ವಾಸನೆ. ಎಕ್ಸ್‌ರೇಯಲ್ಲಿ ಕೀಲಿನ ಹೊರಗೂ ಮುಂದೂ ಬಿಳಿಯ ಮೋಡ. ಎಳೆಯ ಮೂಳೆ. ನಾನು ನಾಲ್ಕು ಗಂಟೆ ನಿಂತು ಕಟ್ಟಿದ ಪಟ್ಟಿ ಆ ಮೋಡದೊಳಗೆ ಎಲ್ಲೋ ಇತ್ತು.

ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ತುಂಬ ಜನ.

“ಯಾರು ಎಣ್ಣೆ ಹಚ್ಚಿ ನೀವಿದ್ದು?” ಎಂದು ಕಿರುಚಿದೆ.

ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. “ನಾನೇ ಸಾರ್.”

“ಎಷ್ಟು ದಿನ?”

“ದಿನಾ ಎರಡೊತ್ತು. ತಿಂಗ್ಳು ದಾಟ್ತು.”

“ಅವನು ಕೂಗಿಕೊಳ್ಳಲಿಲ್ವಾ?”

ಅವನೇ ಹೇಳಿದ, “ಕೂಗ್ತಿದ್ದೆ ಸಾರ್. ಹಟ್ಟಿಗೆಲ್ಲ ಕೇಳಿಸ್ತೈತೆ ಅಂತ ಬಾಯಿಗೆ ಕಂಬ್ಳಿ ಚುಂಗು ಕಚ್ಚಿಕ್ಕಂತಿದ್ದೆ. ಅವ್ವ ಭುಜ ಅಮಿಕ್ಕಂತಿದ್ಲು, ಇವ್ಳು ನೀವ್ತಿದ್ಲು.”

“ಮೂರು ವಾರಕ್ಕೆ ಬಾ ಅಂದ್ರೆ ಎಲ್ಲಿ ಸತ್ತಿದ್ರಿ?”

“ಬಾಗದಿರೋ ಕೈ ತಗಂಡೋದ್ರೆ ನೀವು ಬೈತೀರಿ ಅಂತ,” ಎಂದ. “ಬಾಗಿದ ಮ್ಯಾಕೆ ಹೋಗಾಣ ಅಂದ್ಕಂಡ್ವಿ ಸಾರ್.”

ಆ ಮಾತು ಅಂದು ನನ್ನ ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ. ಹೆಂಡತಿ ಕವರಿನೊಳಗೆ ಕೈಹಾಕಿ, “ಚೀಟಿನಾಗೆ…” ಎಂದು ಶುರುಮಾಡಿದಳು.

“ಚೀಟಿ ಬೇರೆ ಕೇಡು ನಿಮಗೆ!” ಎಂದೆ. ಆಮೇಲೆ ನಾನಂದದ್ದನ್ನು ಅಂದಂತೆಯೇ ಬರೆಯುತ್ತೇನೆ, ಮೃದು ಮಾಡಿ ಪ್ರಯೋಜನವಿಲ್ಲ. “ಟಗರು ಅರ್ಧ ಮಾಡಿದ್ದನ್ನ ನೀನು ಪೂರ್ತಿ ಮಾಡಿದೆ ಕಣಮ್ಮ. ನಿನ್ನ ಕೈಯಾರೆ ಗಂಡನ ಕೈ ಮುರಿದೆ. ಇನ್ನು ಸಾಯೋ ತನಕ ನೀನೇ ತುತ್ತು ಮಾಡಿ ತಿನ್ನಿಸು.”

ತಾಯಿ ಸೊಸೆಯ ಕಡೆ ತಿರುಗಿದಳು. ಇಷ್ಟು ದಿನ ಮಗನ ಭುಜ ಅದುಮಿ ಹಿಡಿದಿದ್ದವಳು ಆಕೆಯೇ. ಆದರೂ ಆ ಗಳಿಗೆಯಲ್ಲಿ ತಪ್ಪೆಲ್ಲ ಯಾರದೆಂದು ಡಾಕ್ಟರೇ ತೀರ್ಮಾನ ಕೊಟ್ಟಾಗಿತ್ತು. ಕವರನ್ನು ಸೊಸೆಯ ಕೈಯಿಂದ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

ಇಂಥ ಮೂಳೆಯನ್ನು ಎಳೆಯದಾಗಿರುವಾಗ ಕೆರೆದು ತೆಗೆದರೆ ಇಮ್ಮಡಿ ಬೆಳೆಯುತ್ತದೆ. ಬಲಿಯುವ ತನಕ ಕಾಯಬೇಕು. ಏಳು ತಿಂಗಳು ಕಾದೆವು. ನಡುವೆ ಎಕ್ಸ್‌ರೇಗೆಂದು ಬಂದಾಗಲೆಲ್ಲ ಆ ಮನೆಯ ಸುದ್ದಿ ತಾಯಿಯ ಬಾಯಿಂದ ತಾನಾಗಿ ಬರುತ್ತಿತ್ತು. ಹಟ್ಟಿಯಲ್ಲಿ ಸೊಸೆಗೆ ‘ಕೈಮುರುಕಿ’ ಎಂದು ಹೆಸರಾಗಿದೆ. ಬಾಣಂತಿ ಮನೆಯಲ್ಲಿ ಕೂಸಿಗೆ ಎಣ್ಣೆ ನೀವಲು ಅವಳನ್ನು ಕರೆಯುತ್ತಿದ್ದರು, ಈಗ ಯಾರೂ ಕರೆಯುವುದಿಲ್ಲ. ಉಣ್ಣೆ ಕತ್ತರಿಸಲು ಬೇರೆ ಊರಿನವನು ಬರುತ್ತಿದ್ದಾನೆ. “ಅನ್ನ ಉಣ್ಣಾಕೂ ಎಡಗೈ ನನ್ ಮಗಂಗೆ. ಕಂಡೋರ್ ಮುಂದೆ ಎಡಗೈಲಿ ಉಣ್ಣಾಕಾಗ್ತೈತಾ ಸಾಮಿ? ಮದ್ವೆ ಮುಂಜಿಗೆ ಹೋಗದೇ ಬಿಟ್ಟವ್ನೆ,” ಎನ್ನುತ್ತಿದ್ದಳು. ಸೊಸೆ ಬಾಗಿಲ ಆಚೆ ನಿಂತಿರುತ್ತಿದ್ದಳು. ಅವಳನ್ನು ಒಳಗೆ ಕರೆಯಬೇಕೆಂದು ನನಗನ್ನಿಸಲೇ ಇಲ್ಲ. ಮಾಡಿದ್ದುಣ್ಣೋ ಮಾರಾಯ ಎಂಬಂತೆ ನೋಡುತ್ತಿದ್ದೆ.

ಎರಡನೇ ಆಪರೇಷನ್ನಿಗೆ ಸೇರಿಸಿಕೊಂಡ ದಿನ ಸ್ಕ್ಯಾನ್ ಹಿಡಿದು ಅವನಿಗೆ ಎಲ್ಲವನ್ನೂ ವಿವರಿಸಿದೆ. ಹೊಸ ಮೂಳೆ ಪಟ್ಟಿಯನ್ನು ನುಂಗಿತ್ತು. ಮೂಳೆ ಪೂರ್ತಿ ತೆಗೆದರೆ ಕೈ ಬಾಗುತ್ತದೆ, ಆದರೆ ಪಟ್ಟಿಯೂ ಹೋಗುತ್ತದೆ, ಮತ್ತೆ ಮೊದಲಿನ ಹಾಗೆ ಜಾರುತ್ತದೆ. ಪಟ್ಟಿ ಉಳಿಸಿಕೊಂಡರೆ ಕೈ ಗಟ್ಟಿ, ಆದರೆ ಬಾಯಿಗೆ ಮುಟ್ಟುವುದಿಲ್ಲ. ಎರಡೂ ಸಿಗುತ್ತದೆಂದು ನಾನು ಹೇಳಲಾರೆ ಎಂದೆ.

ಅವನು ಬಲಗೈಯನ್ನು ಬಾಯಿಯ ಕಡೆ ಎತ್ತಲು ನೋಡಿದ, ಅದು ಅರ್ಧದಲ್ಲೇ ನಿಂತಿತು. ಆಮೇಲೆ ನಕ್ಕ. ಅವನು ನಕ್ಕಿದ್ದನ್ನು ನೋಡಿದ್ದು ಅದೊಂದೇ ಸಲ.

“ಉಣ್ಣೆ ಬಿಡ್ರಿ ಸಾರ್,” ಎಂದ. “ಉಣ್ಣಾಕಾದ್ರೂ ಆಗ್ಲಿ.”

ಸಂಜೆಗೆ ಮುಂಚೆ ನರ್ಸ್ ಹಳೆಯ ಕಾಗದಗಳನ್ನು ಕಡತಕ್ಕೆ ಸೇರಿಸಲು ತಂದಿಟ್ಟರು. ತಾಯಿಯ ಚೀಲದಿಂದ ಬಂದ ಅದೇ ಕವರು. ಅದರೊಳಗೆ ನಾಲ್ಕು ಮಡಿಕೆಯ ಒಂದು ಚೀಟಿ, ಮಡಿಕೆಗಳಲ್ಲಿ ಎಣ್ಣೆ ಇಳಿದು ಕಾಗದ ಪಾರದರ್ಶಕವಾಗಿತ್ತು. ಬಿಚ್ಚಿ ಓದಿದೆ. ‘ಮಲಗಿಕೊಂಡು ಬೆಳಿಗ್ಗೆ ಸಂಜೆ ನೀವಿ ಕೈ ಆಡಿಸಬೇಕು.’

ಯಾವ ಮುಠ್ಠಾಳ ಬರೆದದ್ದು ಇದು ಎಂದು ಬಾಯಿಬಿಟ್ಟೇ ಅಂದೆ. ಅಂದಮೇಲೆ ಅಕ್ಷರದ ಗುರುತು ಹತ್ತಿತು.

ಮತ್ತೆ ಓದಿದೆ. ಬೆಳಕಿಗೆ ಹಿಡಿದು ಓದಿದೆ. ನಾನು ಬರೆದದ್ದು ‘ನೀವೇ’. ಗೋಡೆಗೆ ಒತ್ತಿ ಬರೆಯುವ ಅವಸರದಲ್ಲಿ ಏತ್ವ ಹೋಗಿ ಗುಡಿಸಿನಂತಾಗಿತ್ತು, ದೀರ್ಘ ಕಾಗದಕ್ಕೆ ಬಿದ್ದೇ ಇರಲಿಲ್ಲ. ಬೇರೆಯವರು ಮುಟ್ಟಬಾರದು, ರೋಗಿ ತಾನೇ ಆಡಿಸಬೇಕು ಎಂದು ಹೇಳಲು ನಾನು ಆರಿಸಿಕೊಂಡ ಒಂದೇ ಒಂದು ಪದ, ಎಣ್ಣೆ ಹಚ್ಚಿ ನೀವಿ ಎಂದಾಗಿತ್ತು. ಮಲಗಿಸಿ ನೀವಿದ್ದರು. ಬೆಳಿಗ್ಗೆ ಸಂಜೆ ನೀವಿದ್ದರು. ನೀವಿದ ಮೇಲೆ ಬಲವಂತವಾಗಿ ಆಡಿಸಿದ್ದರು. ನನ್ನ ಚೀಟಿಯನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ ರೋಗಿ ಇನ್ನೊಬ್ಬನಿಲ್ಲ.

ಅರಿವಳಿಕೆಯ ಸಹೋದ್ಯೋಗಿಗೆ ತೋರಿಸಿದೆ. ಅವರು ಚೀಟಿಯನ್ನೂ ನನ್ನನ್ನೂ ನೋಡಿದರು.

“ಈಗ್ಲೇ ಹೋಗಿ ಹೇಳ್ತೀರಾ?”

“ಹೇಳಬೇಕಲ್ವಾ?”

“ನಾಳೆ ಬೆಳಿಗ್ಗೆ ಚಾಕು ಹಿಡಿಯೋರು ನೀವು. ಈವತ್ತು ಹೇಳಿದ್ರೆ ಆ ತಾಯಿ ಮಗನನ್ನ ಎತ್ಕೊಂಡು ಹೋಗ್ತಾಳೆ. ಆ ಕೈ ಬಿಚ್ಚೋರು ಇಲ್ಲಿ ಬೇರೆ ಯಾರಿದ್ದಾರೆ? ಮುಗೀಲಿ, ಆಮೇಲೆ ಹೇಳಿ.”

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕಿಂತ ನನಗೆ ಅನುಕೂಲವಾಗಿತ್ತು. ತಕ್ಷಣ ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಥಿಯೇಟರಿಗೆ ಹೋಗುವಾಗ ಹೆಂಡತಿ ನೀರಿನ ಫಿಲ್ಟರ್ ಹತ್ತಿರ ಬಾಟಲಿ ತುಂಬುತ್ತಿದ್ದಳು. ದಾಟಿ ಹೋಗಲು ಕಾಲು ಬರಲಿಲ್ಲ. ಚೀಟಿ ನನ್ನ ಜೇಬಿನಲ್ಲಿತ್ತು.

“ಇದನ್ನ ಯಾರು ಓದಿ ಹೇಳಿದ್ದಮ್ಮ ನಿಮಗೆ?”

“ಅಂಗನವಾಡಿ ಟೀಚರ್ ಸಾರ್.” ಬಾಟಲಿ ತುಂಬಿ ಚೆಲ್ಲುತ್ತಿತ್ತು, ನಲ್ಲಿ ತಿರುವಿದಳು. “ನೀವು ಬೈದು ಕಳಿಸಿದ ಮಾರ್ನೇ ದಿನ ಅತ್ತೆ ಚೀಲದಿಂದ ತೆಗ್ದು ತಿರ್ಗಾ ತಗಂಡೋಗಿದ್ದೆ. ಅವ್ರು ಎರಡು ಸತಿ ಓದಿ, ಇದು ನೀವೇ ಅಂತ್ಲೂ ಆಗ್ಬೋದಲ್ಲೇ ಅಂದು ಅತ್ತುಬಿಟ್ರು.”

ಅಂದರೆ ಏಳು ತಿಂಗಳಿಂದ ಅವಳಿಗೆ ಗೊತ್ತಿತ್ತು. ಬಾಗಿಲ ಆಚೆ ನಿಂತು ನನ್ನನ್ನು ನೋಡುತ್ತಿದ್ದಾಗಲೆಲ್ಲ ಗೊತ್ತಿತ್ತು.

“ಯಾಕೆ ಹೇಳಲಿಲ್ಲ?”

“ಯಾರಿಗೇಳ್ಲಿ ಸಾರ್? ನಿಮ್ಗೇಳಿದ್ರೆ ನೀವು ಸಿಟ್ಟಾಗಿ ಆಪರೇಷನ್ ಮಾಡಾಕಿಲ್ಲ. ಅತ್ತೆಗೇಳಿದ್ರೆ ಇಲ್ಲಿಗೆ ಕರ್ಕಂಡ್ ಬರಾಕೇ ಬಿಡಾಕಿಲ್ಲ.” ಸೆರಗಲ್ಲಿ ಬಾಟಲಿ ಒರೆಸಿದಳು. “ಅವತ್ತು ಊರಿಗೋಗ್ವಾಗ ನಿಮ್ಮನ್ನೇ ಕೇಳಿದ್ನಲ್ಲ ಸಾರ್, ಎಣ್ಣೆ ಹಚ್ಚಬೋದಾ ಅಂತ. ಎಲ್ಲಾ ಚೀಟಿನಾಗೈತೆ ಅಂದ್ರಿ. ಅವ್ರು ಕಂಬ್ಳಿ ಕಚ್ಚಿಕ್ಕಂಡು ಒದ್ದಾಡ್ವಾಗ ನನಗೂ ಬ್ಯಾಡ ಅನ್ನಿಸ್ತಿತ್ತು. ಡಾಕ್ಟ್ರು ಬರ್ದವ್ರಲ್ಲ ಅಂತ ನೀವ್ತಿದ್ದೆ.”

ಕ್ಷಮಿಸಮ್ಮ ಎಂದೆ. ಎಷ್ಟು ಸಣ್ಣದಾಗಿ ಅಂದೆನೋ, ಅವಳಿಗೆ ಕೇಳಿಸಿತೋ ಇಲ್ಲವೋ. “ಮೊದ್ಲು ಕೈ ಮಾಡ್ರಿ ಸಾರ್,” ಎಂದು ವಾರ್ಡಿಗೆ ಹೋದಳು.

ಆ ಆಪರೇಷನ್ ಬಗ್ಗೆ ಹೆಚ್ಚು ಬರೆಯಲಾರೆ. ಹೊಸ ಮೂಳೆ ಹಲ್ಲಿನಷ್ಟು ಗಟ್ಟಿಯಾಗಿತ್ತು. ಬೆರಳುಗಳನ್ನು ಎತ್ತುವ ನರವೊಂದು ಅಲ್ಲೇ ಮುಂದೆ ಹಾದುಹೋಗುತ್ತದೆ, ಮೊದಲು ಅದನ್ನು ಹುಡುಕಿ ಪಕ್ಕಕ್ಕಿರಿಸಿ, ಆಮೇಲೆ ಸಣ್ಣ ಉಳಿಯಿಂದ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ತೆಗೆಯುತ್ತ ಬಂದೆ. ನಾನು ಕಟ್ಟಿದ ಪಟ್ಟಿ ಸಿಕ್ಕಿತು. ನನ್ನದೇ ಗಂಟು, ನೀಲಿ ದಾರ, ಅದರ ಸುತ್ತ ಮೂಳೆ. ಬಿಡಿಸಲಾಗಲಿಲ್ಲ. ಮೂಳೆಯ ಜೊತೆ ಪಟ್ಟಿಯನ್ನೂ ಕತ್ತರಿಸಿ ತಟ್ಟೆಗೆ ಹಾಕಿದೆ. ಈಗ ಕೈ ಬಾಯಿ ಮುಟ್ಟುವಷ್ಟು ಬಾಗಿತು. ಜಾರಿಸಿ ನೋಡಿದೆ, ಜಾರಿತು.

ಅಲ್ಲಿ ನಿಂತು ನನಗೊಂದು ಆಸೆ ಹುಟ್ಟಿತು. ಇನ್ನೊಂದು ಕಾಲಿನಿಂದ ಬಳ್ಳಿ ತೆಗೆದು ಈಗಲೇ ಹೊಸ ಪಟ್ಟಿ ಕಟ್ಟಿಬಿಟ್ಟರೆ? ಉಣ್ಣುವ ಕೈಯೂ ಆಗುತ್ತದೆ, ಉಣ್ಣೆಯ ಕೈಯೂ ಆಗುತ್ತದೆ. ನನ್ನ ತಪ್ಪೂ ತೊಳೆದುಹೋಗುತ್ತದೆ. “ಕಾಲು ರೆಡಿ ಮಾಡಿ,” ಎಂದು ನರ್ಸಿಗೆ ಹೇಳಿಯೂಬಿಟ್ಟೆ. ಅರಿವಳಿಕೆಯ ಸಹೋದ್ಯೋಗಿ ಪರದೆಯ ಆಚೆಯಿಂದ, “ಯಾರಿಗೋಸ್ಕರ?” ಎಂದರು. ಅಷ್ಟೇ ಅಂದದ್ದು. ಹಸಿ ಮೂಳೆಯ ಮೇಲೆ ಇನ್ನೆರಡು ಗಂಟೆ ಕೊರೆದರೆ ಅದು ಮತ್ತೆ ಸಿಟ್ಟಿಗೆದ್ದು ಕದ ಹಾಕಿಕೊಳ್ಳುವ ಸಾಧ್ಯತೆಯೇ ಹೆಚ್ಚೆಂದು ನನಗೆ ಗೊತ್ತಿತ್ತು. ಅವನು ಕೇಳಿದ್ದು ಉಣ್ಣುವ ಕೈ. ನನ್ನ ಪಶ್ಚಾತ್ತಾಪಕ್ಕೆ ಅವನ ಕೈ ಕುಯ್ಯಬಾರದು. ಕಾಲು ಬೇಡ ಎಂದು ಹೇಳಿ ಹೊಲಿಗೆ ಹಾಕಿದೆ.

ಮನೆಗೆ ಕಳಿಸುವ ದಿನ ಮೂವರನ್ನೂ ಹೊರರೋಗಿ ಕೋಣೆಗೆ ಕರೆಸಿದೆ. ಬೈದದ್ದು ಬಾಗಿಲು ತೆರೆದು, ಆದ್ದರಿಂದ ಬೇಕೆಂದೇ ಬಾಗಿಲು ತೆರೆದಿಟ್ಟೆ. ಚೀಟಿಯನ್ನು ಮೇಜಿನ ಮೇಲೆ ಬಿಡಿಸಿ ಎಲ್ಲವನ್ನೂ ಹೇಳಿದೆ. ತಪ್ಪು ಬರೆದವನು ನಾನು, ಇವಳದ್ದೇನೂ ತಪ್ಪಿಲ್ಲ, ಅವತ್ತು ಬೈದದ್ದು ಅನ್ಯಾಯ ಎಂದು ಹೊರಗಿನ ಬೆಂಚಿಗೂ ಕೇಳುವಂತೆ ಹೇಳಿದೆ. ಗಂಡ ತನ್ನ ಕೈಯನ್ನೇ ನೋಡುತ್ತಿದ್ದ.

ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿದಳು.

“ಎಂಥಾ ದೊಡ್ಡ ಮನ್ಸು ನಿಂದು ನನ್ನಪ್ಪ! ಸೊಸೆ ಮಾಡಿದ್ ತಪ್ಪ ತನ್ ತಲೆ ಮ್ಯಾಲೆ ಹಾಕ್ಕಂತಾನೆ ಪುಣ್ಯಾತ್ಮ! ಸಂಸಾರ ಒಡೀಬಾರ್ದು ಅಂತ ಹೇಳ್ತಾವ್ನೆ, ನಂಗೆ ತಿಳ್ಯಾಕಿಲ್ವಾ?”

“ಇಲ್ಲಮ್ಮ, ನಿಜವಾಗಿಯೂ ನಾನೇ…”

“ಬಿಡಪ್ಪ ಬಿಡು. ಅವತ್ತು ಸಿಟ್ನಾಗೆ ಬಂದದ್ದೇ ನಿಜ. ಸಿಟ್ನಾಗೆ ಯಾರೂ ಸುಳ್ಳು ಹೇಳಾಕಿಲ್ಲ.”

ಹೊರಗೆ ಬೆಂಚಿನಲ್ಲಿ ಯಾರೋ, “ನೋಡ್ರಿ, ಬೈದ್ರೂ ಒಳ್ಳೇ ಮನುಷ್ಯ,” ಎಂದರು. ಹೆಂಡತಿ ನನ್ನನ್ನೊಮ್ಮೆ ನೋಡಿ ಕಣ್ಣು ತಗ್ಗಿಸಿದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

ಈ ಸಲದ ಚೀಟಿಯನ್ನು ಕೈಯಲ್ಲಿ ಬರೆಯಲಿಲ್ಲ. ಕಂಪ್ಯೂಟರಿನಲ್ಲಿ ದಪ್ಪಕ್ಷರದಲ್ಲಿ ಹೊಡೆಸಿ, ವಾರ್ಡಿನ ಆಯಾಗೆ ಕೊಟ್ಟು ಗಟ್ಟಿಯಾಗಿ ಓದಿಸಿ ನೋಡಿದೆ. ‘ಕೈಯನ್ನು ರೋಗಿ ತಾನೇ ಆಡಿಸಬೇಕು. ಎಣ್ಣೆ ಹಚ್ಚಬಾರದು. ಮನೆಯವರು ಕೈ ಮುಟ್ಟಬಾರದು.’ ಆಯಾ ಎಲ್ಲೂ ತಡವರಿಸದೆ ಓದಿದಳು. ಮತ್ತೆ ಮೂಳೆ ಬೆಳೆಯದಂತೆ ಮಾತ್ರೆ ಕೊಟ್ಟೆ. ಭಾರ ಎತ್ತುವಾಗ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟೆ. ಕತ್ತರಿ ಹಿಡಿಯುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂರು ವಾರಕ್ಕೆ ಸರಿಯಾಗಿ ಬಂದರು. ತಾಯಿ, ಮಗ. ಮೇಜಿನ ಮೇಲಿದ್ದ ಬಿಸ್ಕತ್ತನ್ನು ಅವನ ಕಡೆ ಸರಿಸಿದೆ. ಬಲಗೈಯಲ್ಲಿ ಎತ್ತಿ ಬಾಯಿಗಿಟ್ಟುಕೊಂಡ. ಎಕ್ಸ್‌ರೇಯಲ್ಲಿ ಮೋಡವಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಉಸಿರು ನೆಟ್ಟಗೆ ಬಂತು.

“ಎಲ್ಲಮ್ಮ ನಿಮ್ಮ ಸೊಸೆ? ಬಂದಿಲ್ವಾ?”

“ಅವ್ಳನ್ನ ತವರಿಗೆ ಕಳಿಸೀವಿ, ಧರ್ಮಪುರಕ್ಕೆ.”

“ಯಾವಾಗ ಬರ್ತಾಳೆ?”

“ಬರಾದೇನೈತೆ ಸಾಮಿ, ಬಿಟ್ಟಂಗೇ.” ತಾಯಿ ಚೀಲದಿಂದ ಚೀಟಿ ತೆಗೆದಳು. ಈ ಸಲ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದಳು, ಒಂದು ಕಲೆಯಿರಲಿಲ್ಲ. “ಒಂದೇ ಸೂರ್ನಾಗೆ ಇಟ್ಕಂಡು ಮುಟ್ಟಬ್ಯಾಡ ಅಂದ್ರೆ ಆಗ್ತೈತಾ? ಮನೆಯವ್ರು ಮುಟ್ಟಬಾರ್ದು ಅಂತ ಬರ್ದೈತಲ್ಲ, ಮನೆಯವ್ರು ಅಂದ್ರೆ ಹೆಂಡ್ತಿ ತಾನೆ. ಟೀಚರ್ ತಾವ, ಸ್ಕೂಲ್ ಮೇಷ್ಟ್ರ ತಾವ, ಎಲ್ಲಾರ್ ತಾವನೂ ಓದ್ಸಿದೆ. ಎಲ್ಲಾರೂ ಒಂದೇ ತರ ಓದಿದ್ರು.”

ಗಂಡನನ್ನು ನೋಡಿದೆ. “ಅವ್ವ ಹೇಳಿದ್ಲು ಸಾರ್,” ಎಂದು ಬಿಸ್ಕತ್ತಿನ ಪುಡಿಯನ್ನು ಅಂಗಿಯಿಂದ ಕೊಡವಿದ.

“ಹೆಂಡ್ತೀನ ಬಿಡು ಅಂತ ಯಾರಮ್ಮ ಹೇಳಿದ್ದು ನಿಮಗೆ?” ಎಂದು ಕಿರುಚಿದೆ. ಹೊರಗೆ ಬೆಂಚಿನವರೆಲ್ಲ ಬಾಗಿಲ ಕಡೆ ತಿರುಗಿದರು.

ತಾಯಿ ಚೀಟಿಯನ್ನು ನನ್ನ ಮುಂದೆ ಮೇಜಿನ ಮೇಲಿಟ್ಟು, ಕೆಳಗೆ ನನ್ನ ಸಹಿಯಿದ್ದ ಕಡೆ ಬೆರಳಿಟ್ಟಳು.

“ಯಾರಂದ್ರೆ? ನೀವೇ.”